ಹೊರಗಿನ ಒಲೆ ಎಲ್ಲಿ ಹೂಡಬೇಕು?



ಹೋದ ವಾರ ನಾವು 'ಒ' ಅಕ್ಷರ ಕಲಿತೆವು. ಪುಸ್ತಕದಲ್ಲಿ ಒಲೆಯ ಚಿತ್ರ ಇತ್ತು. ಎಲ್ಲರೂ 'ಒಲೆ' ಎಂದು ಬರೆದಿರಿ. ಕೆಲವರು ಚಂದಾಗಿ ಬರೆದಿರಿ. ಕೆಲವರು ಎತ್ವ ಕೊಡುವುದನ್ನು ಮರೆತು 'ಒಲ' ಎಂದು ಬರೆದಿರಿ. ಇರಲಿ, ಬರುತ್ತದೆ. ಆಗ ಹಿಂದಿನ ಸಾಲಿನಿಂದ ಒಬ್ಬ ಅವ್ವ ಕೇಳಿದರು.

"ಅಕ್ಕೋರ, ನಲವತ್ತು ವರ್ಸ ಆತು, ಒಲಿ ಮುಂದ ಕುಂತೀನಿ. ಒಲಿ ಎಲ್ಲಿ ಹೂಡೂಣು ಅಂತ ಒಬ್ಬರೂ ನನ್ನ ಕೇಳಿಲ್ಲ. ಬರಿಯೂದು ಕಲಿಸಿದ್ರಿ. ಅದನ್ನೂ ಒಂದಿನಾ ಹೇಳ್ರಲ್ಲ."

ಎಲ್ಲರೂ ನಕ್ಕಿರಿ. ನಾನೂ ನಕ್ಕೆ. ಆದರೆ ಮನೆಗೆ ಹೋದ ಮೇಲೆ ಆ ಮಾತು ತಲೆಯಲ್ಲಿ ಉಳಿಯಿತು. ಅದು ನಕ್ಕು ಬಿಡುವ ಮಾತಲ್ಲ. ಅದಕ್ಕೇ ಇವತ್ತು ಪುಸ್ತಕ ಬದಿಗಿಟ್ಟು ಒಲೆಯ ಜಾಗದ ಬಗ್ಗೆ ಮಾತಾಡೋಣ.

ಮನೆಗೆ ಗ್ಯಾಸು ಬಂದಿದೆ, ಇನ್ನು ಹೊರಗಿನ ಒಲೆ ಯಾಕೆ ಅಂತ ಯಾರಾದರೂ ಕೇಳಬಹುದು. ಉಜ್ವಲಾ ಯೋಜನೆ 2016ರ ಮೇ ತಿಂಗಳಲ್ಲಿ ಶುರುವಾಯಿತು. ಆಮೇಲೆ ನಮ್ಮ ಜತ್ತ ತಾಲೂಕಿನ ಹಳ್ಳಿಗಳಿಗೂ ಸಿಲಿಂಡರು ಬಂತು. ಚಹಾ ಗ್ಯಾಸಿನ ಮೇಲೆ ಆಗುತ್ತದೆ, ಅನ್ನ ಆಗುತ್ತದೆ. ಆದರೆ ಹತ್ತು ಮಂದಿಗೆ ಜೋಳದ ರೊಟ್ಟಿ ಬಡಿಯುವಾಗ ಏನು ಮಾಡುತ್ತೀರಿ? ಸ್ನಾನದ ನೀರು ಎಲ್ಲಿ ಕಾಯಿಸುತ್ತೀರಿ? ಹಬ್ಬದಲ್ಲಿ ಹೋಳಿಗೆಯ ಬೇಳೆ ಎಲ್ಲಿ ಬೇಯಿಸುತ್ತೀರಿ? ಹಿತ್ತಲಲ್ಲಿ ತೊಗರಿ ಕಟ್ಟಿಗೆ ಬಿದ್ದಿರುವಾಗ, ಕುಳ್ಳು ಒಟ್ಟಿರುವಾಗ ಯಾರೂ ಸಿಲಿಂಡರು ಸುಡುವುದಿಲ್ಲ. ಗ್ಯಾಸು ಇದ್ದ ಮನೆಯಲ್ಲೂ ಹೊರಗಿನ ಒಲೆ ಉಳಿದಿದೆ. ಉಳಿದ ಮೇಲೆ ಅದಕ್ಕೊಂದು ಸರಿಯಾದ ಜಾಗ ಬೇಕಲ್ಲ?

ಮೊದಲು ನಮ್ಮ ಮನೆಯ ಕಥೆ ಹೇಳುತ್ತೇನೆ. ಇದನ್ನು ನಾನು ಎಲ್ಲರ ಮುಂದೆ ಹೇಳಿಲ್ಲ.

ನಮ್ಮದು ಪೂರ್ವಕ್ಕೆ ಬಾಗಿಲು ಇರುವ ಮನೆ. ಎರಡು ಖೋಲಿ, ಒಂದು ಪಡಸಾಲೆ. ಮನೆ ಕಟ್ಟುವಾಗ ಅಪ್ಪ ಮತ್ತು ಗೌಂಡಿ ನಿಂತು ಎಲ್ಲ ಲೆಕ್ಕ ಹಾಕಿದರು. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಮೋರಿ ಎಲ್ಲಿ ಅಂತ. ಕೊನೆಗೆ ಒಲೆಯ ಮಾತು ಬಂತು. "ಹಿಂದ ಎಲ್ಲೆರ ಒಂದು ಮೂಲಿಗೆ ಆಗತೈತಿ ಬಿಡು" ಅಂದರು. ಹಿತ್ತಲಲ್ಲಿ, ಹಿಂದಿನ ಬಾಗಿಲ ಪಕ್ಕ, ಗೋಡೆಗೆ ಹತ್ತಿ ಒಲೆ ಕಟ್ಟಿದರು. ಅಂದರೆ ಮನೆಯ ಪಶ್ಚಿಮಕ್ಕೆ. ಅಲ್ಲಿಂದ ಹತ್ತು ಹೆಜ್ಜೆಗೆ ದನದ ಬಣವೆ. ಅವ್ವ ಆಗ ಗೌಂಡಿಯವರಿಗೆ ಚಹಾ ಮಾಡುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಮಿರಗ ಹೂಡಿತು. ಪಶ್ಚಿಮದ ಗಾಳಿ ಎದ್ದಿತು. ಒಲೆಯ ಹೊಗೆ ಎಲ್ಲ ಹಿಂದಿನ ಬಾಗಿಲಿನಿಂದ ಒಳಗೆ ನುಗ್ಗಿ, ಪಡಸಾಲೆ ದಾಟಿ, ಮುಂದಿನ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಹೊರಗೆ ಒಲೆ ಹೂಡಿ ಮನೆಯೊಳಗೆ ಹೊಗೆ ಕುಡಿಯುವುದು! ಬಾಗಿಲು ಹಾಕಿದರೆ ಅವ್ವನಿಗೆ ಒಳಗೆ ಹೊರಗೆ ಓಡಾಡಲು ಆಗುತ್ತಿರಲಿಲ್ಲ. ತೆರೆದರೆ ಅಜ್ಜಿ ಕೆಮ್ಮುತ್ತಿದ್ದಳು.

2012ರಲ್ಲಿ ಮಳೆ ಕೈಕೊಟ್ಟಿತು. ನಿಮಗೆಲ್ಲ ನೆನಪಿದೆ. 2013ರ ಬೇಸಿಗೆಯಲ್ಲಿ ಕುಡಿಯುವ ನೀರು ಟ್ಯಾಂಕರಿನಲ್ಲಿ ಬಂತು. ಮೇವಿಗೆ ಬಂಗಾರದ ಬೆಲೆ. ಅಪ್ಪ ಸಾಲ ಮಾಡಿ ಕಣಿಕೆ ಕೊಂಡು ತಂದು ಬಣವೆ ಒಟ್ಟಿದ್ದ. ಶಿವರಾತ್ರಿ ಮುಗಿದು ಎಂಟು ದಿನ ಆಗಿತ್ತು. ಅವತ್ತು ಮುಂಜಾನೆ ಅವ್ವ ದಿನದಂತೆ ಒಲೆಯ ಬೂದಿ ತೆಗೆದು ಬೇಲಿಯ ಬದಿಗೆ ಸುರಿದಳು. ಬೂದಿ ಸುರಿಯಲು ಹಿತ್ತಲಲ್ಲಿ ಬೇರೆ ಜಾಗವೇ ಇರಲಿಲ್ಲ. ಬೂದಿಯೊಳಗೆ ಕೆಂಡ ಇತ್ತು. ಮಧ್ಯಾಹ್ನ ಸುಳಿಗಾಳಿ ಎದ್ದಿತು. ಬೂದಿಯನ್ನು ಎತ್ತಿ ಬಣವೆಗೆ ಹೊಡೆಯಿತು. ಊರ ಮಂದಿ ಕೊಡ ಹಿಡಿದು ಓಡಿ ಬಂದರು. ಆದರೆ ಕೊಡದಲ್ಲಿ ನೀರು ಎಲ್ಲಿಂದ ಬರಬೇಕು? ಒಂದು ತಾಸಿನಲ್ಲಿ ಬಣವೆ ಇದ್ದ ಜಾಗದಲ್ಲಿ ಕರಿ ನೆಲ ಉಳಿಯಿತು.

ಒಂದು ಎತ್ತು ಮಾರಿದೆವು. ಇನ್ನೊಂದನ್ನು ದನಗಳ ಛಾವಣಿಗೆ ಬಿಟ್ಟೆವು. ಸರ್ಕಾರದ ಮೇವು ನೀರು ಸಿಗುತ್ತಿದ್ದ ಛಾವಣಿ ಅದು. ಅಪ್ಪ ಅಲ್ಲೇ ಮಲಗುತ್ತಿದ್ದ.

ಊರಲ್ಲಿ ಎಲ್ಲರೂ ಅಂದದ್ದು ಒಂದೇ ಮಾತು. "ಅಕಿ ಕೆಂಡ ನೋಡಲಿಲ್ಲ. ಅಕಿಗೆ ಖಬರ ಇಲ್ಲ." ಬಂಧು ಬಳಗ ಅಂದರು. ಅಪ್ಪನೂ ಅಂದ. ನಾನು ಆಗ ಬಿ.ಎ. ಓದುತ್ತಿದ್ದೆ. ನಿಜ ಹೇಳುತ್ತೇನೆ, ನಾನೂ ಮನಸ್ಸಿನಲ್ಲಿ ಹಾಗೇ ಅಂದುಕೊಂಡೆ. ಅವ್ವ ಯಾರಿಗೂ ಉತ್ತರ ಕೊಡಲಿಲ್ಲ. ಒಂದು ರಾತ್ರಿ ನನಗೆ ಮಾತ್ರ ಹೇಳಿದಳು.

"ಆ ಒಲಿ ನಾ ಹೂಡಿದ್ದಲ್ಲವ್ವಾ. ಹೂಡಿದ ಜಾಗಾದಾಗ ನಾ ಕುಂತಿದ್ದೆ, ಅಷ್ಟ."

ಮುಂದೆ ನಾನು ಒಲೆಯ ಬಗ್ಗೆ ಓದಿದ್ದು, ಕೇಳಿದ್ದು, ನೋಡಿದ್ದು ಎಲ್ಲ ಈ ಒಂದು ಮಾತಿನಿಂದ.

ಈಗ ಗಾಳಿಯ ಮಾತಿಗೆ ಬರೋಣ. ಒಲೆಯ ಜಾಗ ಹುಡುಕುವವರು ಮೊದಲು ಗಾಳಿ ನೋಡಬೇಕು, ಆಮೇಲೆ ನೆಲ ನೋಡಬೇಕು. ನೆಲ ಕಣ್ಣಿಗೆ ಕಾಣುತ್ತದೆ. ಗಾಳಿ ಕಾಣುವುದಿಲ್ಲ, ಅದಕ್ಕೇ ಅದನ್ನು ಮರೆಯುತ್ತೇವೆ.

ಪಶ್ಚಿಮದ ಗಾಳಿ ಅಂದರೆ ಪಶ್ಚಿಮದಿಂದ ಬರುವ ಗಾಳಿ. ಅದು ಹೊಗೆಯನ್ನು ಪೂರ್ವಕ್ಕೆ ಒಯ್ಯುತ್ತದೆ. ಇದು ನೆನಪಿರಲಿ, ಬಹಳ ಮಂದಿ ಇಲ್ಲೇ ತಪ್ಪುತ್ತಾರೆ. ನಮ್ಮ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಪಶ್ಚಿಮದಿಂದ, ಇಲ್ಲವೇ ಪಶ್ಚಿಮ ಮತ್ತು ದಕ್ಷಿಣದ ನಡುವಿನ ನೈಋತ್ಯ ದಿಕ್ಕಿನಿಂದ ಬೀಸುತ್ತದೆ. ಅರಬ್ಬಿ ಸಮುದ್ರದಿಂದ ಬರುವ ಮಳೆಗಾಳಿ ಅದು. ಮಳೆಯನ್ನು ಸಹ್ಯಾದ್ರಿಯ ಆ ಕಡೆಗೇ ಸುರಿದು ಬರುತ್ತದೆ. ನಮ್ಮ ಪಾಲಿಗೆ ಬರೀ ಗಾಳಿ ಉಳಿಯುತ್ತದೆ! ಆಷಾಢದಲ್ಲಿ ತಲೆಯ ಮೇಲಿನ ಸೆರಗು ನಿಲ್ಲುವುದಿಲ್ಲ. ದೀಪಾವಳಿಯ ಹೊತ್ತಿಗೆ ಗಾಳಿ ತಿರುಗುತ್ತದೆ. ಚಳಿಗಾಲದಲ್ಲಿ ಪೂರ್ವದಿಂದ, ಈಶಾನ್ಯದಿಂದ ಮೆಲ್ಲಗೆ ಬರುತ್ತದೆ. ಬೇಸಿಗೆಯ ಗಾಳಿಗೆ ಮಾತ್ರ ಗೊತ್ತು ಗುರಿ ಇಲ್ಲ. ಮುಂಜಾನೆ ಸುಮ್ಮನಿರುತ್ತದೆ, ಮಧ್ಯಾಹ್ನ ಸುಳಿಯಾಗಿ ಏಳುತ್ತದೆ, ಸಂಜೆ ಅಡ್ಡಮಳೆ ತರುತ್ತದೆ.

ಇದು ಇಡೀ ಸೀಮೆಯ ಲೆಕ್ಕ. ನಿಮ್ಮ ಅಂಗಳದ ಲೆಕ್ಕ ಬೇರೆ ಇರಬಹುದು. ಪಕ್ಕದಲ್ಲಿ ಎತ್ತರದ ಮನೆ ಇದ್ದರೆ ಗಾಳಿ ಅದನ್ನು ಸುತ್ತಿ ಬರುತ್ತದೆ. ಎರಡು ಗೋಡೆಗಳ ನಡುವೆ ಓಣಿ ಇದ್ದರೆ ಅಲ್ಲಿ ಗಾಳಿಗೆ ಬಿರುಸು ಬರುತ್ತದೆ. ಹಾಗಾಗಿ ಪುಸ್ತಕ ನಂಬಿ ಒಲೆ ಹೂಡಬೇಡಿ. ನಾನು ಹೇಳಿದೆ ಅಂತಲೂ ಹೂಡಬೇಡಿ. ನೀವೇ ನೋಡಿ.

ನೋಡುವುದು ಸುಲಭ. ಹಳೆ ಸೀರೆಯ ಒಂದು ಗೇಣು ಚಿಂದಿ ಹರಿದುಕೊಳ್ಳಿ. ಎದೆ ಎತ್ತರದ ಕೋಲಿಗೆ ಕಟ್ಟಿ, ಒಲೆ ಹೂಡಬೇಕು ಅಂತಿರುವ ಜಾಗದಲ್ಲಿ ನೆಡಿ. ಚಿಂದಿ ಯಾವ ಕಡೆ ಹಾರುತ್ತದೋ ಹೊಗೆ ಆ ಕಡೆ ಹೋಗುತ್ತದೆ. ಗಾಳಿ ಬರುವುದು ಅದರ ಎದುರು ದಿಕ್ಕಿನಿಂದ. ದಿನಕ್ಕೆ ಮೂರು ಸಲ ನೋಡಬೇಕು. ಮುಂಜಾನೆ ರೊಟ್ಟಿ ಹೊತ್ತಿಗೆ, ಮಧ್ಯಾಹ್ನ, ಸಂಜೆ ಅಡುಗೆ ಹೊತ್ತಿಗೆ. ಎಂಟು ದಿನ ನೋಡಿ, ಬರೆದಿಡಿ. ಪೂರ್ವಕ್ಕೆ 'ಪೂ', ಪಶ್ಚಿಮಕ್ಕೆ 'ಪ', ಉತ್ತರಕ್ಕೆ 'ಉ', ದಕ್ಷಿಣಕ್ಕೆ 'ದ'. ಒಂದೊಂದು ಅಕ್ಷರ ಬರೆದರೆ ಸಾಕು.

ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಹೋದವರು ಒಂದು ಮಾತು ನೆನಪು ಮಾಡಿಕೊಳ್ಳಿ. ಹೊಲದಲ್ಲಿ ಇಳಿದುಕೊಂಡ ಮಂದಿ ಮೂರು ಕಲ್ಲು ಇಟ್ಟು ಒಲೆ ಹೂಡುತ್ತಾರೆ. ಆಗ ಕೆಲವು ಮುದುಕಿಯರು ಒಂದು ಚಿಟಿಕೆ ಮಣ್ಣು ತೆಗೆದು ಮೇಲಿನಿಂದ ಬಿಡುತ್ತಾರೆ. ಮಣ್ಣು ಯಾವ ಕಡೆ ಸರಿಯಿತು ಅಂತ ನೋಡಿ ಆಮೇಲೆ ಕಲ್ಲು ಇಡುತ್ತಾರೆ. ಒಂದು ಹೊತ್ತಿನ ಒಲೆಗೆ ಗಾಳಿ ನೋಡುತ್ತೇವೆ. ಇಪ್ಪತ್ತು ವರ್ಷ ಉರಿಯುವ ಒಲೆಗೆ ನೋಡುವುದಿಲ್ಲ!

ಕಳೆದ ವರ್ಷದ ಕಲಿಕೆಯ ಕೇಂದ್ರದಲ್ಲಿ ಒಬ್ಬ ಅಕ್ಕ ಇದ್ದಳು. ಹೆಸರು ಬೇಡ, ಅವಳಿಗೆ ನಾಚಿಕೆ. ಅವಳ ಗಂಡ ಒಲೆಗೆ ತಗಡಿನ ಶೆಡ್ ಹಾಕಿಸಬೇಕು ಅಂತ ಗೌಂಡಿಗೆ ಹೇಳಿದ್ದ. ಜಾಗ ಮನೆಯ ಪಶ್ಚಿಮಕ್ಕೆ, ಥೇಟ್ ನಮ್ಮ ಮನೆಯ ಹಾಗೆ. ನಾನು ಗಾಳಿ ಬರೆಯುವ ಕೆಲಸ ಕೊಟ್ಟಿದ್ದೆ. ಮಿರಗ ಹೂಡಿದ ಹೊಸತು. ಅವಳು ಎಂಟು ದಿನ ಬರೆದಳು. ಮೂರು ಹೊತ್ತಿನಂತೆ 24 ಸಲ. ಅದರಲ್ಲಿ 15 ಸಲ 'ಪ' ಇತ್ತು. 5 ಸಲ 'ಪದ' ಅಂತ ಬರೆದಿದ್ದಳು. ಇದೇನವ್ವಾ ಪದ, ಹಾಡಿನ ಪದವಾ ಅಂತ ಕೇಳಿದೆ. "ಅಲ್ರೀ ಅಕ್ಕೋರ, ನೈಋತ್ಯ ಬರಿಯಾಕ ಬರಲಿಲ್ಲ. ಪಶ್ಚಿಮಕ್ಕೂ ದಕ್ಷಿಣಕ್ಕೂ ನಡಕ ಐತಿ ಅಂತ ಪ, ದ ಎರಡೂ ಕೂಡಿಸಿದೆ" ಅಂದಳು. ನಾನು ಅವತ್ತು ಆ ಚೀಟಿಗೆ ತಪ್ಪು ಹಾಕಲಿಲ್ಲ.

ಆ ಹಾಳೆ ಹಿಡಿದು ಅವಳು ಗೌಂಡಿಯ ಮುಂದೆ ನಿಂತಳು. ಗೌಂಡಿ ಮರಾಠಿಯವನು, ಕನ್ನಡ ಅಷ್ಟಕ್ಕಷ್ಟೇ. ಇವಳು "ಗಾಳಿ, ಗಾಳಿ" ಅಂದಾಗ ಅವನು ಹಿಂದಿಯ 'ಗಾಲಿ' ಅಂದುಕೊಂಡು, ಈ ಬಾಯಿ ನನ್ನ ಯಾಕೆ ಬೈಯ್ಯುತ್ತಾಳೆ ಅಂತ ಬೆಪ್ಪಾಗಿ ನಿಂತ. ಆಮೇಲೆ ಯಾರೋ "ವಾರಾ, ವಾರಾ" ಅಂತ ತಿಳಿಸಿದರು. ಹಾಳೆ ನೋಡಿದ. ಗಂಡನೂ ನೋಡಿದ. ಅವನು ಓದಿದವನು. 24ರಲ್ಲಿ 20 ಸಲ ಹೊಗೆ ಮನೆಯೊಳಗೆ ಬರುತ್ತದೆ ಅನ್ನುವುದು ಅವನಿಗೆ ತಿಳಿಯಿತು. ಬಾಯಿಂದ ಹೇಳಿದ್ದರೆ "ಸುಮ್ನಿರು" ಅನ್ನುತ್ತಿದ್ದನೋ ಏನೋ. ಹಾಳೆಗೆ ಸುಮ್ಮನಿರು ಅನ್ನಲು ಬರುವುದಿಲ್ಲವಲ್ಲ. ಶೆಡ್ಡು ಬೇರೆ ಕಡೆಗೆ ಹೋಯಿತು.

ಈಗ ಯಾರೋ ಮನಸ್ಸಿನಲ್ಲಿ ಕೇಳುತ್ತಿದ್ದೀರಿ, ನನಗೆ ಗೊತ್ತು. ಆಗ್ನೇಯ ಮೂಲೆ, ಅಗ್ನಿ ಮೂಲೆ ಅಂತಾರಲ್ಲ, ಅದೇನು? ಹಿರಿಯರು ಪೂರ್ವ ಮತ್ತು ದಕ್ಷಿಣದ ನಡುವಿನ ಮೂಲೆ ಒಲೆಗೆ ಒಳ್ಳೆಯದು ಅಂದಿದ್ದಾರೆ. ಪಶ್ಚಿಮದ ಗಾಳಿ ಬೀಸುವ ಸೀಮೆಯಲ್ಲಿ ಅದಕ್ಕೆ ಒಂದು ಲೆಕ್ಕ ಇದೆ. ಹೊಗೆ ಮನೆಯಿಂದ ಆಚೆಗೆ ಹೋಗುತ್ತದೆ. ಆದರೆ ಗಾಳಿ ನೈಋತ್ಯಕ್ಕೆ ಸ್ವಲ್ಪ ತಿರುಗಿದರೆ ಆಗ್ನೇಯದ ಹೊಗೆ ಮನೆಯ ಪೂರ್ವದ ಬದಿಗೆ ಹಾದು ಹೋಗುತ್ತದೆ. ಪೂರ್ವಕ್ಕೆ ಬಾಗಿಲಿದ್ದರೆ ಹೊಗೆ ಬಾಗಿಲ ಮುಂದೆಯೇ ನಿಲ್ಲುತ್ತದೆ. ಒಬ್ಬರಿಗೆ ಒಪ್ಪಿದ ಮೂಲೆ ಇನ್ನೊಬ್ಬರಿಗೆ ಒಪ್ಪುವುದಿಲ್ಲ. ಮೂಲೆಯ ಹೆಸರು ನೋಡಿ, ಜೊತೆಗೆ ನಿಮ್ಮ ಬಾಗಿಲು ಎಲ್ಲಿದೆ ಅದನ್ನೂ ನೋಡಿ.

ಇನ್ನೊಂದು ಮಾತು ಇದೆ. ಗಾಳಿಗೆ ಮರೆ ಬೇಕು ಅಂತ ಒಲೆಯನ್ನು ಗೋಡೆಯ ಹಿಂದೆ, ಗೋಡೆಗೆ ಹತ್ತಿ ಹೂಡುತ್ತಾರೆ. ಗಾಳಿ ಗೋಡೆಯನ್ನು ದಾಟಿ ಬಂದಾಗ ಅದರ ಹಿಂದೆ ಸುಳಿ ಏಳುತ್ತದೆ. ಹಳ್ಳದ ನೀರು ಬಂಡೆಯ ಹಿಂದೆ ತಿರುಗುವುದನ್ನು ನೋಡಿದ್ದೀರಲ್ಲ, ಹಾಗೆ. ಹೊಗೆ ಆ ಸುಳಿಯಲ್ಲಿ ಸಿಕ್ಕಿ ಮತ್ತೆ ಗೋಡೆಯ ಕಡೆಗೇ ಬರುತ್ತದೆ, ಅಡುಗೆ ಮಾಡುವವಳ ಮುಖಕ್ಕೆ ಬರುತ್ತದೆ. ಆದ್ದರಿಂದ ಮನೆಯ ಎತ್ತರದ ಗೋಡೆಯಿಂದ ದೂರ ಸರಿಯಿರಿ. ಮರೆಗೆ ಸೊಂಟದ ಎತ್ತರದ ಸಣ್ಣ ಗೋಡೆ ಸಾಕು. ಅದು ಉರಿಯನ್ನು ಕಾಯುತ್ತದೆ, ಹೊಗೆ ಮೇಲಿನಿಂದ ಹೋಗುತ್ತದೆ. ಮರೆ ಇಲ್ಲದೆ ತೀರಾ ಬಯಲಲ್ಲಿ ಹೂಡಿದರೂ ಕಷ್ಟ. ಉರಿ ಪಾತ್ರೆಯ ಕೆಳಗೆ ನಿಲ್ಲುವುದಿಲ್ಲ, ಕಟ್ಟಿಗೆ ಸುಮ್ಮನೆ ಹಾಳಾಗುತ್ತದೆ.

ಒಲೆಯ ಬಾಯಿ ಎತ್ತ ಇರಬೇಕು? ಗಾಳಿಗೆ ಎದುರಾಗಿ ಇದ್ದರೆ ಉರಿ ಭುಗಿಲೆಂದು ಹಿಂದಕ್ಕೆ ಹಾರುತ್ತದೆ. ಗಾಳಿಗೆ ಬೆನ್ನು ಹಾಕಿದ್ದರೆ ಹೊಗೆ ಮತ್ತು ಕಿಡಿ ಕುಳಿತವಳ ಮೇಲೇ ಬರುತ್ತದೆ. ನೈಲಾನ್ ಸೀರೆ ಉಟ್ಟವರು ಇದನ್ನು ಎರಡು ಸಲ ಕೇಳಿಸಿಕೊಳ್ಳಿ. ಗಾಳಿ ಪಶ್ಚಿಮದಿಂದ ಬರುವುದಾದರೆ ಬಾಯಿ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ. ಆಗ ಹೊಗೆ ನಿಮ್ಮ ಮಗ್ಗುಲಿನಿಂದ ಹಾದು ಹೋಗುತ್ತದೆ.

ಹೊಗೆಯ ಬಗ್ಗೆ ಇಷ್ಟೊಂದು ಯಾಕೆ ಹೇಳುತ್ತಿದ್ದೇನೆ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ನೇ ಒಂದೇ ವರ್ಷದಲ್ಲಿ ಮನೆಯ ಒಲೆ, ದೀಪಗಳ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ತೀರಿಕೊಂಡರು. ಅದರಲ್ಲಿ 5 ವರ್ಷದೊಳಗಿನ ಮಕ್ಕಳೇ 2 ಲಕ್ಷ 37 ಸಾವಿರಕ್ಕೂ ಹೆಚ್ಚು. ಒಲೆಯ ಮುಂದೆ ಕುಳಿತವಳು ಮತ್ತು ಅವಳ ತೊಡೆಯ ಮೇಲಿನ ಕೂಸು, ಈ ಇಬ್ಬರೇ ಹೆಚ್ಚು ಹೊಗೆ ಕುಡಿಯುವವರು. ದಮ್ಮು, ಕೆಮ್ಮು, ಮಕ್ಕಳಿಗೆ ನ್ಯುಮೋನಿಯಾ, ಕಣ್ಣಿಗೆ ಪೊರೆ ಇವೆಲ್ಲ ಹೊಗೆಯ ಜೊತೆ ಬರುತ್ತವೆ. ಒಲೆ ಹೊರಗೆ ಬಂದರೆ ಹೊಗೆ ಬಯಲಿಗೆ ಹೋಗಿ ತೆಳುವಾಗುತ್ತದೆ, ಅದು ನಿಜ. ಆದರೆ ಹೊರಗಿನ ಒಲೆಯ ಹೊಗೆ ಬಾಗಿಲಿನಿಂದ ಒಳಗೆ ಬಂದರೆ ಒಲೆ ಒಳಗೆ ಇದ್ದ ಹಾಗೇ ಆಯಿತಲ್ಲ?

ಚಳಿಗಾಲದಲ್ಲಿ ಕೆಲವರು ಹೊರಗಿನ ಒಲೆಯ ಕೆಂಡವನ್ನು ಬುಟ್ಟಿಯಲ್ಲಿ ತುಂಬಿ ಮಲಗುವ ಖೋಲಿಯೊಳಗೆ ಇಡುತ್ತಾರೆ. ಅದನ್ನು ಮಾತ್ರ ಮಾಡಬೇಡ್ರಿ. ಕೆಂಡದಿಂದ ವಾಸನೆ ಇಲ್ಲದ, ಕಣ್ಣಿಗೆ ಕಾಣದ ವಿಷದ ಗಾಳಿ ಬರುತ್ತದೆ. ಬಾಗಿಲು ಹಾಕಿ ಮಲಗಿದವರು ಏಳುವುದಿಲ್ಲ.

ಇನ್ನು ಹೆಜ್ಜೆಯ ಲೆಕ್ಕ. ಇದನ್ನು ನಾನು ಕಲಿತದ್ದು ಅವ್ವನಿಂದ. ಹೊಗೆ ಬೇಡ ಅಂತ ಒಲೆಯನ್ನು ಬಹಳ ದೂರ ಒಯ್ದರೆ ಕಾಲು ಸೋಲುತ್ತವೆ. ಒಂದು ಹೊತ್ತಿನ ಅಡುಗೆಗೆ ಎಷ್ಟು ಸಲ ಒಳಗೆ ಹೋಗಿ ಬರುತ್ತೀ ಅಂತ ಅವ್ವನನ್ನು ಎಣಿಸಲು ಹೇಳಿದೆ. ಹಿಟ್ಟಿಗೆ ಒಮ್ಮೆ, ಉಪ್ಪಿಗೆ ಒಮ್ಮೆ, ಖಾರಕ್ಕೆ, ಎಣ್ಣೆಗೆ, ಮರೆತ ಇಕ್ಕಳಕ್ಕೆ, ಅತ್ತ ಕೂಸಿಗೆ. 14 ಸಲ ಆಯಿತು. ಒಲೆ 20 ಹೆಜ್ಜೆ ದೂರ. ಹೋಗಿ ಬರಲು 40. ಈಗ ಪಾಟಿ ತೆಗೆದುಕೊಳ್ಳಿ. 14 ಗುಣಿಸು 40 ಎಷ್ಟು? 560. ದಿನಕ್ಕೆ ಎರಡು ಹೊತ್ತು ಅಂದರೆ 1,120. ತಿಂಗಳಿಗೆ 33,600 ಹೆಜ್ಜೆ. ಹೆಜ್ಜೆಗೆ ಎರಡು ಫೂಟು ಹಿಡಿದರೆ ಹೆಚ್ಚು ಕಡಿಮೆ 20 ಕಿಲೋಮೀಟರು. ಬರೀ ಉಪ್ಪು ಖಾರ ತರಲು ತಿಂಗಳಿಗೆ 20 ಕಿಲೋಮೀಟರು!

ಒಲೆಯನ್ನು ಹತ್ತಿರ ತರಲು ಆಗದಿದ್ದರೆ ಸಾಮಾನನ್ನು ಒಲೆಯ ಹತ್ತಿರ ಒಯ್ಯಿರಿ. ಆ ಸೊಂಟದೆತ್ತರದ ಗೋಡೆ ಹೇಳಿದೆನಲ್ಲ, ಅದರೊಳಗೆ ಒಂದು ಮಾಡ ಬಿಡಿಸಿ. ಉಪ್ಪು, ಖಾರ, ಎಣ್ಣೆ, ಕಡ್ಡಿಪೆಟ್ಟಿಗೆ, ಇಕ್ಕಳ ಅಲ್ಲಿರಲಿ. ಅವ್ವನ 14 ಸಲ 6ಕ್ಕೆ ಇಳಿಯಿತು. ನೀರಿನ ಬ್ಯಾರಲ್ಲೂ ಕೈಗೆ ಸಿಗುವಷ್ಟು ಹತ್ತಿರ ಇರಲಿ. ಅಡುಗೆಗೆ ಬೇಕು, ಬೆಂಕಿ ಆರಿಸಲೂ ಬೇಕು.

ಬಣವೆಯಿಂದ ಎಷ್ಟು ದೂರ? ನಾವು ಹತ್ತು ಹೆಜ್ಜೆ ಇಟ್ಟು ಸುಟ್ಟುಕೊಂಡೆವು. ನಾನಂತೂ ಮೂವತ್ತು ಹೆಜ್ಜೆಗಿಂತ ಕಡಿಮೆ ಬೇಡ ಅನ್ನುತ್ತೇನೆ. ಹೆಚ್ಚು ಜಾಗ ಇದ್ದರೆ ಇನ್ನೂ ದೂರ. ಗಾಳಿ ಹೋಗುವ ದಿಕ್ಕಿನಲ್ಲಿ ಬಣವೆ ಇರಲೇಬಾರದು. ಕಣಿಕೆ ಹೊದಿಸಿದ ಚಪ್ಪರ, ಒಣಗಿದ ಬೇಲಿ, ಕುಳ್ಳಿನ ಒಟ್ಟಿಲು ಇವಕ್ಕೂ ಇದೇ ಮಾತು. ಒಲೆಯ ಜಾಗ ಗೊತ್ತು ಮಾಡುವ ದಿನವೇ ಬೂದಿಯ ಜಾಗವನ್ನೂ ಗೊತ್ತು ಮಾಡಿ. ಮೊಳದಷ್ಟು ಆಳದ ಒಂದು ತಗ್ಗು ತೋಡಿ. ಬೂದಿ ಹಾಕಿ, ಮೇಲೆ ಒಂದು ತಂಬಿಗೆ ನೀರು ಚಿಮುಕಿಸಿ. ನೀರಿಲ್ಲದ ದಿನ ಒಂದು ಬುಟ್ಟಿ ಮಣ್ಣು ಹಾಕಿ. ನಮ್ಮ ಮನೆಯಲ್ಲಿ ಈ ತಗ್ಗು ಇದ್ದಿದ್ದರೆ ಎತ್ತು ಉಳಿಯುತ್ತಿತ್ತು.

ನೆಲದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೇ ಗೊತ್ತು. ಮಳೆ ಬಂದಾಗ ನೀರು ಎತ್ತ ಹರಿಯುತ್ತದೆ ನೋಡಿ, ಆ ದಾರಿ ಬಿಡಿ. ಒಲೆಯ ಕಟ್ಟೆ ನೆಲಕ್ಕಿಂತ ಒಂದು ಗೇಣು ಎತ್ತರ ಇರಲಿ. ಮೋರಿ, ಪಾಯಖಾನೆ, ದನ ಕಟ್ಟುವ ಜಾಗ ಇವುಗಳ ಹತ್ತಿರ ಬೇಡ. ನೊಣ ಬರುತ್ತವೆ. ಬೇವಿನ ಗಿಡದ ನೆರಳು ಚಂದ. ಆದರೆ ಒಲೆ ಕೊಂಬೆಯ ಕೆಳಗೆ ಬೇಡ, ನೆರಳು ಬೀಳುವ ಕಡೆ ಇರಲಿ. ಕೊಂಬೆ ಸುಡುತ್ತದೆ, ಹಕ್ಕಿಯ ಹಿಕ್ಕೆ ಪಲ್ಲೆಗೆ ಬೀಳುತ್ತದೆ. ಕರೆಂಟಿನ ತಂತಿಯ ಕೆಳಗಂತೂ ಬೇಡವೇ ಬೇಡ.

ತಗಡು ಹಾಕುವವರು ಎತ್ತರ ನೋಡಿ ಹಾಕಿ. ಕೈ ಎತ್ತಿದರೆ ಮುಟ್ಟಬಾರದು. ಮೂರು ಕಡೆ ಗೋಡೆ ಕಟ್ಟಿ ಮೇಲೆ ತಗಡು ಮುಚ್ಚಿದರೆ ಅದು ಹೊರಗಿನ ಒಲೆ ಅಲ್ಲ, ಇನ್ನೊಂದು ಖೋಲಿ. ಹೊಗೆಯ ಕೊಳವೆ ಇರುವ ಒಲೆ ಕಟ್ಟಿಸಿದರೆ ಇನ್ನೂ ಒಳ್ಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ಅಸ್ತ್ರ ಎಂಬ ಕೇಂದ್ರ ಶುರುವಾಗಿತ್ತು. ಅಲ್ಲಿಯವರು ಮಾಡಿದ ಅಸ್ತ್ರ ಒಲೆಯಲ್ಲಿ ಒಂದೇ ಉರಿಗೆ ಮೂರು ಪಾತ್ರೆ ಕಾಯುತ್ತವೆ, ಹೊಗೆ ಕೊಳವೆಯಿಂದ ಮೇಲೆ ಹೋಗುತ್ತದೆ. ಕೊಳವೆ ತಗಡಿಗಿಂತ ಎತ್ತರಕ್ಕೆ ಹೋಗಬೇಕು ಮತ್ತು ಅದನ್ನು ಆಗಾಗ ಮಸಿ ತೆಗೆದು ಸ್ವಚ್ಛ ಮಾಡಬೇಕು. ಮಸಿ ಕಟ್ಟಿದ ಕೊಳವೆಯಲ್ಲಿ ಹೊಗೆ ಏರುವುದಿಲ್ಲ. ಆಮೇಲೆ ಒಲೆಯನ್ನು ಬೈದು ಉಪಯೋಗವಿಲ್ಲ.

ಗ್ಯಾಸಿನ ಒಲೆಯನ್ನೂ ಹೊರಗೆ ಇಡುವವರು ಇದ್ದೀರಿ. ಕಟ್ಟಿಗೆ ಒಲೆಯ ಪಕ್ಕದಲ್ಲೇ ಸಿಲಿಂಡರು ಇಡಬೇಡಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿ ಹೋಗುವುದಿಲ್ಲ. ನೆಲಕ್ಕೆ ಇಳಿದು, ತಗ್ಗಿನಲ್ಲಿ ನಿಂತು, ಬೆಂಕಿ ಸಿಕ್ಕ ಕ್ಷಣ ಹೊತ್ತುತ್ತದೆ. ಸಿಲಿಂಡರು ಯಾವಾಗಲೂ ನೆಟ್ಟಗೆ ನಿಂತಿರಲಿ, ಸಮತಟ್ಟು ನೆಲದ ಮೇಲೆ ಇರಲಿ, ತಗ್ಗಿನಲ್ಲಿ ಬೇಡ.

ಕುಳಿತ ಜಾಗದಿಂದ ಏನು ಕಾಣುತ್ತದೆ ಅನ್ನುವುದನ್ನು ಗೌಂಡಿ ಯಾವತ್ತೂ ಕೇಳುವುದಿಲ್ಲ. ನೀವು ಕೇಳಿಕೊಳ್ಳಿ. ಒಲೆಯ ಮುಂದೆ ಕುಳಿತಾಗ ಅಂಗಳದ ಬಾಗಿಲು ಕಾಣಬೇಕು. ತೊಟ್ಟಿಲು ಕಾಣಬೇಕು, ಆಡುವ ಮಕ್ಕಳು ಕಾಣಬೇಕು. ಮಕ್ಕಳು ಓಡಾಡುವ ದಾರಿಯಲ್ಲಿ ಮಾತ್ರ ಒಲೆ ಇರಬಾರದು. ಕುದಿಯುವ ನೀರಿನ ಹಂಡೆ ಮತ್ತು ಎರಡು ವರ್ಷದ ಕೂಸು, ಇವೆರಡರ ನಡುವೆ ಒಂದು ಕಟ್ಟೆ ಇರಲಿ. ಸಂಜೆ ಅಡುಗೆ ಮಾಡುವವರು ಪಶ್ಚಿಮಕ್ಕೆ ಮುಖ ಮಾಡಿ ಕುಳಿತರೆ ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಇದು ಸಣ್ಣ ಮಾತು ಅಂತ ಗಂಡಸರಿಗೆ ಅನ್ನಿಸಬಹುದು. ಒಂದು ವಾರ ನೀವೇ ಕುಳಿತು ನೋಡ್ರಿ ಅಣ್ಣಾ.

ಇಷ್ಟೆಲ್ಲ ನೋಡಿದ ಮೇಲೂ ವರ್ಷದ ಹನ್ನೆರಡು ತಿಂಗಳಿಗೆ ಒಪ್ಪುವ ಜಾಗ ಸಿಗುವುದಿಲ್ಲ. ನಮಗೂ ಸಿಗಲಿಲ್ಲ. ಬಣವೆ ಸುಟ್ಟ ಮರುವರ್ಷ ಅವ್ವ ತಾನೇ ಜಾಗ ಹುಡುಕಿದಳು. ಗೌಂಡಿಯನ್ನು ಕರೆಯಲಿಲ್ಲ. ಮೂರು ಕಲ್ಲು ತೆಗೆದುಕೊಂಡು ಅಂಗಳಕ್ಕೆ ಬಂದಳು. ಮನೆಯ ಈಶಾನ್ಯ ಮೂಲೆಗೆ, ಗೋಡೆಯಿಂದ ಮೂರು ಹೆಜ್ಜೆ ಬಿಟ್ಟು ಕಲ್ಲು ಇಟ್ಟಳು. ನಾಲ್ಕು ದಿನ ಅಡುಗೆ ಮಾಡಿದಳು. ಹೊಗೆ ಸುಳಿ ತಿರುಗಿ ಗೋಡೆಗೆ ಬಂತು. ಕಲ್ಲು ಎತ್ತಿ ಐದು ಹೆಜ್ಜೆ ಮುಂದೆ ಇಟ್ಟಳು. ಅಲ್ಲಿ ಹೊಗೆ ನೆಟ್ಟಗೆ ಹೊಲದ ಕಡೆ ಹೋಯಿತು. ಅಲ್ಲಿ ಹದಿನೈದು ದಿನ ಸುಮ್ಮನೆ ಕಲ್ಲಿನ ಮೇಲೆಯೇ ಅಡುಗೆ ಮಾಡಿದಳು, ಮಣ್ಣು ಮೆತ್ತಲಿಲ್ಲ. ಇದು ನನಗೆ ಬಹಳ ಒಪ್ಪಿದ ಉಪಾಯ. ಕಟ್ಟಿದ ಒಲೆಯನ್ನು ಒಡೆಯಲು ಮನಸ್ಸು ಬರುವುದಿಲ್ಲ. ಕಲ್ಲನ್ನು ಎತ್ತಿ ಇಡಲು ಯಾರ ಅಪ್ಪಣೆಯೂ ಬೇಡ.

ಪಕ್ಕದ ಮನೆಯ ಕಾಕಾ ಬಂದು, "ಈಶಾನ್ಯ ದೇವರ ಮೂಲಿ. ಅಲ್ಲಿ ಒಲಿ ಹೂಡ್ತಾರೇನು?" ಅಂದರು. ಅವ್ವ ರೊಟ್ಟಿ ತಿರುವಿ ಹಾಕುತ್ತಾ ಹೇಳಿದಳು. "ದೇವರ ಮೂಲಿ ಮನಿಯೊಳಗ ಐತ್ರಿ ಕಾಕಾ. ಇದು ಅಂಗಳ." ಅಪ್ಪ ಪಡಸಾಲೆಯಲ್ಲಿ ಕುಳಿತಿದ್ದ. ಏನೂ ಅನ್ನಲಿಲ್ಲ. ಮರುದಿನ ಹೊಲದಿಂದ ಬರುವಾಗ ಒಲೆಗೆ ಮೆತ್ತಲು ಒಂದು ಬುಟ್ಟಿ ಕರಿಮಣ್ಣು ಹೊತ್ತು ತಂದ. ಅದೇ ಅವನು ಅಂದ ಮಾತು ಅಂತ ನಾವು ತಿಳಿದುಕೊಂಡೆವು.

ಚಳಿಗಾಲದಲ್ಲಿ ಈಶಾನ್ಯದ ಗಾಳಿಗೆ ಆ ಒಲೆಯ ಹೊಗೆ ಈಗಲೂ ಮನೆಯ ಕಡೆ ಬರುತ್ತದೆ. ಎರಡು ತಿಂಗಳು ಮುಂಜಾನೆ ಮುಂದಿನ ಬಾಗಿಲು ಮತ್ತು ಉತ್ತರದ ಕಿಟಕಿ ಮುಚ್ಚುತ್ತೇವೆ. ಅವ್ವ ಆಗ ಒಳಗೆ ಹೊರಗೆ ಹಿಂದಿನ ಬಾಗಿಲಿನಿಂದ ಸುತ್ತಿ ಓಡಾಡುತ್ತಾಳೆ. ಉಳಿದ ಹತ್ತು ತಿಂಗಳು ಬಾಗಿಲು ತೆರೆದೇ ಇರುತ್ತದೆ.

ಈಗ ಮನೆ ಕೆಲಸ. ಮುಂದಿನ ಮಂಗಳವಾರದ ತನಕ ಎಲ್ಲರೂ ಚಿಂದಿ ಕಟ್ಟಿ ಗಾಳಿ ನೋಡಬೇಕು. ದಿನಕ್ಕೆ ಮೂರು ಸಲ ಪಾಟಿಯ ಮೇಲೆ ಬೇಡ, ಚೋಪಡಿಯಲ್ಲೇ ಬರೆಯಿರಿ. ಪಾಟಿ ಅಳಿಸಿ ಹೋಗುತ್ತದೆ. ನೈಋತ್ಯ ಬರೆಯಲು ಬಾರದವರು 'ಪದ' ಅಂತ ಬರೆಯಿರಿ, ನನಗೆ ತಿಳಿಯುತ್ತದೆ. ಹಿಂದಿನ ಸಾಲಿನ ಅವ್ವ, ನಿಮ್ಮ ಚೋಪಡಿ ನಾನು ಮೊದಲು ನೋಡುತ್ತೇನೆ.